ಒಂದೇ ಬರಿಯವರು

ಜನವರಿ 9, ಗುರುವಾರ

ಬಲಗಾಲಿಗೆ ಪ್ಲಾಸ್ಟರ್. ಶಾಲೆಯಲ್ಲಿ ಹೊಸ ವರ್ಷದ ಕ್ಯಾಲೆಂಡರ್ ನೇತುಹಾಕಲು ಸ್ಟೂಲ್ ಹತ್ತಿದ್ದೆ. ಜವಾನನನ್ನು ಕರೆಯಬಹುದಿತ್ತು. ಅವನು ನಾಳೆ ನಾಡಿದ್ದು ಎನ್ನುತ್ತಾನೆ, ನನಗೆ ಆಗಿಂದಾಗಲೇ ಆಗಬೇಕು. ಆಯಿತು. ಐದಾರು ವಾರ ಕಾಲು ನೆಲಕ್ಕೆ ಊರಬಾರದಂತೆ. ಮೂರನೇ ಮಾಳಿಗೆ, ಲಿಫ್ಟ್ ಇಲ್ಲದ ಬಿಲ್ಡಿಂಗು. ನೆರೆಮನೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಮುಂಬಯಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎನ್ನುತ್ತಾರೆ, ಇಡೀ ಭಾಂಡುಪ್ ನಿಂತು ನೋಡಿತು. ಟೀಚರಮ್ಮನ ಮಾನ ಹೋಯಿತು.

ಕಾಲಿನ ನೋವಿಗಿಂತ ದೊಡ್ಡ ಚಿಂತೆ ಬೇರೆ. ಮಾರ್ಚ್ ಎರಡಕ್ಕೆ ಯಕ್ಷಿತಾಳ ನಿಶ್ಚಿತಾರ್ಥ. ಹುಡುಗ ಸುಕೇಶ್ ಸಾಲ್ಯಾನ್, ಗೋರೆಗಾಂವಿನಲ್ಲಿ ಅವಳ ಆಫೀಸಿನವನೇ. ಮಗಳೇ ಹುಡುಕಿಕೊಂಡದ್ದು. ನನ್ನದೇನೂ ತಕರಾರಿಲ್ಲ. ನಾವು ಕೋಟ್ಯಾನ್, ಅವರು ಸಾಲ್ಯಾನ್, ಗೋತ್ರದ ಹಾಗೆ ನಾವು ನೋಡುವ ಬರಿ ಬೇರೆ ಬೇರೆ. ಅಣ್ಣನಿಗೂ ಹಾಗೆಯೇ ಹೇಳಿದ್ದೇನೆ. ಕೊರಗಪ್ಪಣ್ಣ ಸೋದರಮಾವನಾಗಿ ವೀಳ್ಯದ ಹರಿವಾಣ ಹಿಡಿಯಬೇಕು. ನನ್ನ ಗಂಡ ತೀರಿಹೋದಾಗ ಯಕ್ಷಿತಾ ಅಂಬೆಗಾಲಿಡುತ್ತಿದ್ದಳು. ಮಾಟುಂಗದ ತನ್ನ ಹೋಟೆಲಿನಿಂದ ದಿನಾ ಡಬ್ಬಿ ಕಳಿಸಿ ನಮ್ಮಿಬ್ಬರನ್ನು ಸಾಕಿದವನು ಅವನು. ಅವನ ಮಾತು ಮೀರಿ ನಾನು ಒಂದು ಬಕೆಟ್ ಕೂಡ ಕೊಂಡವಳಲ್ಲ.

ಜನವರಿ 12, ಭಾನುವಾರ

ಟಿವಿ ನೋಡಿ ತಲೆ ಕೆಟ್ಟಿತು. ನನ್ನ ಗೊಣಗಾಟ ಕೇಳಲಾರದೆ ಯಕ್ಷಿತಾ ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಮಡಿಲಲ್ಲಿಟ್ಟಳು.

"ಅಮ್ಮ, ಯೇ ಲೇ. ಇದ್ರಲ್ಲಿ ಒಂದು ಗೇಮ್ ಉಂಟು, ಮನೆ ಕಟ್ಟು. ಜನ ಇಡು. ಅವ್ರು ತಿಂತಾರೆ, ಆಫೀಸಿಗೆ ಹೋಗ್ತಾರೆ, ಲವ್ ಮಾಡ್ತಾರೆ. ಸಬ್ ಕುಚ್."

"ಅದಕ್ಕೆ ಲ್ಯಾಪ್‌ಟಾಪ್ ಯಾಕೆ? ಕಿಟಕಿಯಿಂದ ನೋಡಿದ್ರೆ ಆಯ್ತಲ್ಲ" ಎಂದೆ.

ಹೇಳುವುದು ಹೇಳಿ, ಮಧ್ಯಾಹ್ನವೆಲ್ಲ ಮನೆ ಕಟ್ಟಿದೆ. ಮೊದಲು ಅಡುಗೆಮನೆ. ನಮ್ಮ ಅಡುಗೆಮನೆಗೆ ಕಿಟಕಿ ಎಂದು ಇರುವುದು ಪ್ಯಾಸೇಜಿಗೆ ತೆರೆಯುತ್ತದೆ. ಸಾರು ಕುದಿಸಿದರೆ ಪಕ್ಕದವರಿಗೆ ಮೊದಲು ಗೊತ್ತಾಗುತ್ತದೆ. ಇಲ್ಲಿ ಮೂಡುದಿಕ್ಕಿಗೆ ಅಗಲ ಕಿಟಕಿ ಇಟ್ಟೆ. ಹಿಂದೆ ಒಗೆಯುವ ಕಲ್ಲು ಹುಡುಕಿದೆ, ಸಿಗಲಿಲ್ಲ. ಈಜುವ ಕೊಳ ಇದೆ, ಒಗೆಯುವ ಕಲ್ಲಿಲ್ಲ. ಯಾವ ಜನವಪ್ಪ ಇದನ್ನು ಮಾಡಿದ್ದು!

ಮನೆಗೆ ಒಬ್ಬಳು ಹುಡುಗಿಯನ್ನು ಇಟ್ಟೆ. ಹೆಸರು ನಮಿತಾ. ಆಟ ಸರ್‌ನೇಮ್ ಕೇಳಿತು. ಕೋಟ್ಯಾನ್ ಎಂದು ಹಾಕಿದೆ. ಬೇರೆ ಯಾರದ್ದು ಹಾಕಲಿ? ಪಕ್ಕದ ಮನೆಗೆ ಮನೀಶ್ ಎಂಬ ಹುಡುಗ. ಅಷ್ಟರಲ್ಲಿ ಹಾಲು ಉಕ್ಕಿತೆಂದು ಯಕ್ಷಿತಾ ಕೂಗಿದಳು, ಗಡಿಬಿಡಿಯಲ್ಲಿ ಅವನಿಗೂ ಕೋಟ್ಯಾನ್ ಎಂದೇ ಒತ್ತಿದೆ.

ಜನವರಿ 14, ಮಂಗಳವಾರ

ಎಂಥ ಕರ್ಮ. ನಾನೇನೂ ಹೇಳಿಕೊಟ್ಟಿಲ್ಲ, ಆ ಮನೀಶ ತಾನಾಗಿಯೇ ಹೂ ಹಿಡಿದುಕೊಂಡು ನಮಿತಾಳ ಬಾಗಿಲಿಗೆ ಬಂದಿದ್ದಾನೆ. ಅವಳೋ, ಒಲೆಯ ಮೇಲಿಟ್ಟದ್ದನ್ನು ಸುಡಲು ಬಿಟ್ಟು ಹೊರಗೋಡಿದಳು. ಇಬ್ಬರ ತಲೆಯ ಮೇಲೂ ಗುಲಾಬಿ ಬಣ್ಣದ ಹೃದಯ. ಹೋಗು ಹೋಗು ಎಂದು ಎಷ್ಟು ಒತ್ತಿದರೂ ಅವನು ಹೋಗುವುದಿಲ್ಲ.

ಸಂಜೆ ಯಕ್ಷಿತಾ ನೋಡಿ, "ಅಯ್ಯೋ, ಸೋ ಕ್ಯೂಟ್! ಯಾಕೆ ಓಡಿಸ್ತಿ?" ಎಂದಳು.

"ಒಂದೇ ಬರಿ ಮಾರಾಯ್ತಿ. ಅಣ್ಣ ತಂಗಿ ಲೆಕ್ಕ. ಮದುವೆ ಆಗುವ ಹಾಗಿಲ್ಲ."

"ಬರಿ ಮತ್ಲಬ್ ಸರ್‌ನೇಮ್ ನಾ?"

"ಸರ್‌ನೇಮ್ ಅಲ್ಲ. ಬರಿ ತಾಯಿಯಿಂದ ಬರುವುದು. ನಿನ್ನ ಸರ್ಟಿಫಿಕೇಟಿನಲ್ಲಿ ಅಪ್ಪನ ಸುವರ್ಣ ಉಂಟು. ಆದ್ರೆ ನೀನು ಕೋಟ್ಯಾನ್. ನಾನು ಕೋಟ್ಯಾನ್, ನನ್ನ ಅಮ್ಮ ಕೋಟ್ಯಾನ್."

"ತೋ ಮನೀಶಂದು ಚೇಂಜ್ ಮಾಡು. ಒಂದೇ ಬಟನ್."

"ಹೆಸರು ಬದಲಾಯಿಸಿದ್ರೆ ಬರಿ ಬದಲಾಗ್ತದಾ?"

ಅವಳು ನಕ್ಕು ನಕ್ಕು ನನ್ನ ಪ್ಲಾಸ್ಟರಿನ ಮೇಲೆಯೇ ಬಿದ್ದಳು. ನಗಲಿ. ಆಟವಾದರೂ ಅದಕ್ಕೊಂದು ನೀತಿ ಬೇಡವೇ?

ಜನವರಿ 15, ಬುಧವಾರ

ಎರಡು ಮನೆಯ ನಡುವೆ ಗೋಡೆ ಕಟ್ಟಿದೆ. ಮನೀಶ ಬೀದಿ ಸುತ್ತಿ ಬಂದ. ಬೀದಿಗೂ ಕಟ್ಟಿದೆ.

ಜನವರಿ 19, ಭಾನುವಾರ

ಸುಕೇಶ್ ತನ್ನ ತಾಯಿಯನ್ನು ಕರೆದುಕೊಂಡು ಕಾಲು ನೋಡಲು ಬಂದಿದ್ದ. ಹರಿಣಿ ಎಂದು ಹೆಸರು. ಗಂಡನಿಗೆ ಹೋಟೆಲಿನಲ್ಲಿ ಭಾನುವಾರವೂ ಡ್ಯೂಟಿಯಂತೆ. ಬೀಗತಿಯಾಗುವವರು ಎಂದು ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಒಂಟಿಕಾಲಲ್ಲಿ ಒದ್ದಾಡಿದ್ದೇ ಬಂತು. ಅವರು ಒಳಗೆ ಬಂದವರೇ ನೇರ ಅಡುಗೆಮನೆಗೆ ಹೋಗಿ, ತಂದ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಬಿಸಿಗಿಟ್ಟರು. ರುಚಿ ಚೆನ್ನಾಗಿತ್ತು. ಉಪ್ಪು ಸ್ವಲ್ಪ ಮುಂದಿತ್ತು, ಹೇಳಲಿಲ್ಲ.

ಊಟದ ಮೇಲೆ ಲ್ಯಾಪ್‌ಟಾಪ್ ಅವರ ಕಣ್ಣಿಗೆ ಬಿತ್ತು. ಮುಚ್ಚಿಡಲು ಹೋದೆ, ನಾಚಿಕೆಯಾಯಿತು. ಯಕ್ಷಿತಾ ಬಿಡಬೇಕಲ್ಲ, ಗೋಡೆಯ ಕಥೆ ಪೂರ್ತಿ ಹೇಳಿಬಿಟ್ಟಳು.

ಹರಿಣಿ ಸೆರಗು ಬಾಯಿಗಿಟ್ಟು ನಕ್ಕರು. "ಪಾಪ ಶೀಲಕ್ಕ, ಆ ಹುಡುಗ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ ನೋಡಿ. ಅವನಿಗೆ ಊಟ ಯಾರು ಹಾಕ್ತಾರೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವನ ಮನೆಗೆ ಒಂದು ಒಲೆ ಇಟ್ಟೆ.

ಜನವರಿ 28, ಮಂಗಳವಾರ

ಹರಿಣಿ ಈಗ ಎರಡು ದಿನಕ್ಕೊಮ್ಮೆ ಬರುತ್ತಾರೆ. ಗೋರೆಗಾಂವಿನಿಂದ ಭಾಂಡುಪಿಗೆ ಲೋಕಲ್‌ನಲ್ಲಿ ದಾದರ್‌ಗೆ ಹೋಗಿ ಗಾಡಿ ಬದಲಿಸಿ ಬರಬೇಕು. ಕಾಲು ನೋಡಲು ಎಂದು ಹೇಳುತ್ತಾರೆ. ಬಂದ ಕೂಡಲೇ, "ನಮಿತಾ ಎಂತ ಮಾಡ್ತಾ ಇದ್ದಾಳೆ?"

ಆ ಆಟದವರು ಆಡುವ ಭಾಷೆ ಯಾರಿಗೂ ಅರ್ಥವಾಗುವುದಿಲ್ಲ. ಅವರು ಬಾಯಿ ಬಿಟ್ಟರೆ ನಾವಿಬ್ಬರೂ ಮಾತು ಕೂಡಿಸುತ್ತೇವೆ. ನಾನು ನಮಿತಾ, ಹರಿಣಿ ಮನೀಶ. ನನ್ನ ನಮಿತಾಳಿಗೆ ಸ್ವಲ್ಪ ಜಂಬ ಎಂದು ಹರಿಣಿಯ ಆರೋಪ. ಅವಳಿಗೆ ಒಂದು ಹಿಂದಿನ ಕಥೆ ಕಟ್ಟಿದ್ದೇನೆ: ತಾಯಿ ಶಿಕ್ಷಕಿ, ತುಂಬ ಕಟ್ಟುನಿಟ್ಟು, ಮಗಳು ತಾನಾಗಿ ಒಂದು ಮನೆ ಮಾಡಿಕೊಂಡು ಬಂದಿದ್ದಾಳೆ. "ಎಲ್ಲೋ ಕೇಳಿದ ಹಾಗೆ ಉಂಟಲ್ಲ" ಎಂದರು ಹರಿಣಿ. ನಾನು ನಮಿತಾಳನ್ನು ಸ್ನಾನಕ್ಕೆ ಕಳಿಸಿದೆ.

ಇಷ್ಟು ನಕ್ಕು ಎಷ್ಟು ವರ್ಷವಾಯಿತೋ. ಸ್ಟಾಫ್‌ರೂಮಿನಲ್ಲಿ ನಗುವುದು ಬೇರೆಯವರ ಮೇಲೆ. ಇದು ಬೇರೆ ಥರ.

ಫೆಬ್ರವರಿ 5, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇನ್ನಾರಿಗೆ ಹೇಳಲಿ.

ಮನೀಶನಿಗೊಬ್ಬಳು ತಾಯಿ ಬೇಕು ಎಂದು ಹರಿಣಿ ಹಟ ಹಿಡಿದರು. "ನನ್ನನ್ನೇ ಮಾಡಿ ಇಡಿ" ಎಂದರು. ಅವರ ಹಾಗೆಯೇ ದುಂಡು ಮುಖ, ಹಸಿರು ಸೀರೆ ಇಲ್ಲವೆಂದು ಹಸಿರು ಗೌನು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹೆಸರಿನ ಜಾಗದಲ್ಲಿ ಹರಿಣಿ ಸಾಲ್ಯಾನ್ ಎಂದು ಹಾಕಲು ಹೊರಟೆ.

"ಸಾಲ್ಯಾನ್ ಬೇಡ ಶೀಲಕ್ಕ. ಅದು ಗಂಡಂದು. ಮದುವೆಗೆ ಮೊದ್ಲು ನಾನು ಹರಿಣಿ ಕೋಟ್ಯಾನ್. ಆ ಹೆಸ್ರು ಎಲ್ಲಿಯೂ ಬರೆಯದೆ ಎಷ್ಟು ಕಾಲ ಆಯ್ತು. ಇದ್ರಲ್ಲಾದ್ರೂ ಇರಲಿ."

ನನ್ನ ಕೈ ಅಲ್ಲಿಯೇ ನಿಂತಿತು. "ಅದು ತಾಯಿಯದ್ದೋ ತಂದೆಯದ್ದೋ?" ಎಂದೆ.

"ತಾಯಿದು. ನಮ್ಮ ಮೂಲ್ಕಿಯ ಶಾಲೆಯಲ್ಲಿ ತಾಯಿ ಬರಿಯೇ ಬರೆಸ್ತಾ ಇದ್ದದ್ದು. ಯಾಕೆ?"

"ಏನಿಲ್ಲ. ಕಾಲು ಸೆಳೆಯಿತು" ಎಂದೆ.

ಹರಿಣಿ ಕೋಟ್ಯಾನ್ ಆದರೆ ಅವರ ಮಗ ಕೋಟ್ಯಾನ್. ನನ್ನ ಮಗಳು ಕೋಟ್ಯಾನ್.

ಫೆಬ್ರವರಿ 6, ಗುರುವಾರ

ಅಣ್ಣನಿಗೆ ಹೇಳಬೇಕು. ಇವತ್ತು ಹೇಳಲಿಲ್ಲ.

ಫೆಬ್ರವರಿ 9, ಭಾನುವಾರ

ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ನೋಡಿದರೆ ನನ್ನ ಮೇಲೆಯೇ. ಪ್ರತಿ ಜೂನಿನಲ್ಲಿ ಶಾಲೆಗೆ ಸೇರುವ ನಮ್ಮ ಕಡೆಯ ಮಕ್ಕಳಿಗೆ ನಾನೇ ಹೆಸರು ಬರೆಯುವುದು. ಮಗುವಿನ ಹೆಸರು, ತಂದೆಯ ಹೆಸರು, ತಂದೆಯ ಸರ್‌ನೇಮ್. ತಾಯಿಯ ಬರಿಗೆ ಈ ಊರಿನಲ್ಲಿ ಜಾಗವೇ ಇಲ್ಲ. ಬರೆದು ಬರೆದು ನನಗೂ ಸಾಲ್ಯಾನ್ ಎಂದರೆ ಸಾಲ್ಯಾನ್ ಎಂದಾಗಿಬಿಟ್ಟಿತು. ಬೊಂಬೆಗಳ ಬರಿ ನೋಡಿ ಗೋಡೆ ಕಟ್ಟಿದ ಮಹಾತಾಯಿ ಅಳಿಯನಾಗುವವನ ತಾಯಿಯ ಬರಿ ಕೇಳಲಿಲ್ಲ.

ಇವತ್ತು ಸುಕೇಶ್ ಒಬ್ಬನೇ ಬಂದಿದ್ದ. ಹರಿಣಿಗೆ ತಲೆನೋವಂತೆ. ಅವನೂ ಯಕ್ಷಿತಾಳೂ ನನ್ನ ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಆಟದಲ್ಲಿ ತಮ್ಮ ಮನೆ ಕಟ್ಟುತ್ತಿದ್ದರು. ಅವಳಿಗೆ ಬಾಲ್ಕನಿ ಬೇಕು, ಅವನಿಗೆ ಪುಸ್ತಕದ ಕಪಾಟು ಬೇಕು. ಜಗಳವೋ ಜಗಳ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕೊನೆಗೆ ಅವನೇ ಕಪಾಟು ಸರಿಸಿ ಬಾಲ್ಕನಿಗೆ ಜಾಗ ಬಿಟ್ಟುಕೊಟ್ಟ.

"ಆಂಟಿ ಕಾ ರೂಮ್ ಇಲ್ಲಿ. ಟಾಯ್ಲೆಟ್ ಪಾಸ್ ಮೆ ಬೇಕು, ಕಾಲು ನೋವು ಉಂಟಲ್ಲ" ಎಂದ. ಆಟದ ಮನೆಯಲ್ಲಿ ನನ್ನ ಕಾಲಿಗೆ ಏನಾಗಿದೆ, ಕೇಳಬೇಕೆನಿಸಿತು. ದಿಂಬು ಸರಿಮಾಡುವ ನೆಪದಲ್ಲಿ ಗೋಡೆಯ ಕಡೆ ತಿರುಗಿದೆ.

ಈ ಹುಡುಗನಿಗೆ ಹೋಗಿ ನೀನು ಅವಳಿಗೆ ಅಣ್ಣನಾಗಬೇಕು ಎಂದು ಹೇಳುವುದು ಹೇಗೆ? ಹೇಳದೆ ಇರುವುದು ಹೇಗೆ? ಬರಿ ಅಮ್ಮನ ಅಮ್ಮನಿಂದ ಬಂದದ್ದು. ನಾನು ಮುಚ್ಚಿಟ್ಟರೆ ಅದು ಸುಳ್ಳಾಗುತ್ತದೆ. ಸುಳ್ಳಿನ ಮೇಲೆ ಮಗಳನ್ನು ಧಾರೆಯೆರೆಯುವುದಿಲ್ಲ. ನಾಳೆ ಅಣ್ಣನಿಗೆ ಫೋನ್.

ಫೆಬ್ರವರಿ 13, ಗುರುವಾರ

ಫೋನ್ ಮಾಡಲಿಲ್ಲ.

ಹರಿಣಿ ಆ ಬುಧವಾರದ ನಂತರ ಬಂದೇ ಇಲ್ಲ. ಮೊದಲು ತಲೆನೋವು, ಆಮೇಲೆ ನೆಂಟರು. ಮಧ್ಯಾಹ್ನ ಒಬ್ಬಳೇ ಕೂತು ಆಟ ತೆರೆದೆ. ನಮಿತಾ ಕಿಟಕಿಯ ಹತ್ತಿರ ನಿಂತು ಗೋಡೆ ನೋಡುತ್ತಿದ್ದಳು. ಗೋಡೆ ತೆಗೆದೆ. ಅಡುಗೆಮನೆಗೆ ಬೆಳಕೇ ಬರುತ್ತಿರಲಿಲ್ಲ.

ಫೆಬ್ರವರಿ 17, ಸೋಮವಾರ

ಪ್ಲಾಸ್ಟರ್ ತೆಗೆದರು. ಕಾಲು ಒಣಗಿದ ನುಗ್ಗೆಕಾಯಿಯ ಹಾಗಿದೆ. ಗೋಡೆ ಹಿಡಿದು ಮೂರು ಸುತ್ತು ನಡೆದೆ. ಅಣ್ಣ ಫೋನ್ ಮಾಡಿ, ಭಾನುವಾರ ಬರುತ್ತೇನೆ, ವೀಳ್ಯದ ಮಾತೆಲ್ಲ ಕೂತು ಮಾತಾಡೋಣ ಎಂದ. ಆಯಿತು ಎಂದೆ. ಆಗಲೇ ಹೇಳಬಹುದಿತ್ತು.

ಫೆಬ್ರವರಿ 20, ಗುರುವಾರ

ನಮಿತಾ ಮತ್ತು ಮನೀಶ ಮದುವೆಯಾದರು. ನಾನು ಮಾಡಿಸಲಿಲ್ಲ, ತಡೆಯಲೂ ಇಲ್ಲ. ಸ್ನಾನಕ್ಕೆ ಹೋಗಿ ಬರುವುದರೊಳಗೆ ಪಾರ್ಕಿನಲ್ಲಿ ಉಂಗುರ ಬದಲಾಯಿಸಿಕೊಂಡಿದ್ದರು. ಹುಟ್ಟುವ ಮಗುವಿಗೆ ಯಾರ ಸರ್‌ನೇಮ್ ಎಂದು ಆಟ ಕೇಳುವುದಕ್ಕೆ ಇಲ್ಲಿ ಕಾರಣವಿಲ್ಲ, ಎರಡು ಕಡೆಯೂ ಒಂದೇ. ಮೂಡಿನ ಕೋಣೆಗೆ ತೊಟ್ಟಿಲು ಹಾಕಿದೆ. ತೊಟ್ಟಿಲಿನಲ್ಲಿ ಬೇಕಾದಷ್ಟು ಬಣ್ಣವಿದೆ. ಆರಿಸುವುದರಲ್ಲಿ ಹೊತ್ತು ಹೋಯಿತು.

ಇದು ಆಟ. ನನ್ನ ಮನೆಯ ವಿಷಯ ಬೇರೆ. ಭಾನುವಾರ ಅಣ್ಣನಿಗೆ ಹೇಳುವುದೇ. ಹೇಳಿದ ಮೇಲೆ ಅವನು ನಿಲ್ಲಿಸುತ್ತಾನೆ, ನಿಲ್ಲಿಸಲಿ, ನನ್ನ ಮೇಲಿನ ಭಾರ ಇಳಿಯುತ್ತದೆ.

ಫೆಬ್ರವರಿ 23, ಭಾನುವಾರ

ಇವತ್ತಿನದ್ದು ಇವತ್ತೇ ಬರೆದುಬಿಡುತ್ತೇನೆ. ಅಕ್ಷರ ಹೇಗಿದ್ದರೂ ಇರಲಿ.

ಅಣ್ಣ ಬಂದ. ಕಾಲು ನೋಡಿದ, ಬೈದ, ಹೋಟೆಲಿನ ಬನ್ಸ್ ಕೊಟ್ಟ. ಯಕ್ಷಿತಾ ಒಳಗೆ ಚಾ ಮಾಡುತ್ತಿದ್ದಳು. ಆಮೇಲೆ ಅಣ್ಣ ಕನ್ನಡಕ ಹಾಕಿಕೊಂಡು ಕೇಳಿದ, "ನಿಶ್ಚಿತಾರ್ಥ ನಡೆಸುವ ಗುರಿಕಾರರು ಎರಡೂ ಕಡೆ ಬರಿ ಕೇಳ್ತಾರೆ, ಎಲ್ಲರ ಎದುರು ಹೇಳ್ಬೇಕು. ಸಾಲ್ಯಾನ್ ಅಂತ ನೀನು ಹೇಳಿದ್ದು ಹುಡುಗನ ಅಪ್ಪಂದಲ್ವಾ? ತಾಯಿದು ಎಂತ?"

ಬಂಗೇರ ಎಂದು ಬೇರೊಂದು ಬರಿ ಹೇಳಿದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹುಟ್ಟಿದಂದಿನಿಂದ ಅಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಕೋಟ್ಯಾನ್. ನಮ್ಮದೇ" ಎಂದೆ.

ಒಳಗೆ ಚಮಚದ ಸದ್ದು ನಿಂತಿತು. ಅಣ್ಣ ಕನ್ನಡಕ ತೆಗೆದ. "ಹಾಗಾದ್ರೆ ಆಗುವುದಿಲ್ಲ. ಅವರಿಗೆ ಫೋನ್ ಮಾಡು. ನಿನ್ನಿಂದ ಆಗುವುದಿಲ್ವಾ, ನಾನು ಮಾಡ್ತೇನೆ. ನಂಬರ್ ಕೊಡು."

ನಂಬರ್ ಕೊಡಬೇಕು. ಅದಕ್ಕೇ ಅಲ್ಲವೇ ಇಷ್ಟು ದಿನ ಕಾದದ್ದು. ಫೋನ್ ಕೈಯಲ್ಲೇ ಇತ್ತು. ಬಾಗಿಲಲ್ಲಿ ಯಕ್ಷಿತಾ ಟ್ರೇ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಅಣ್ಣ, ಬರಿ ಯಾರಿಂದ ಬರುವುದು?" ಎಂದು ಕೇಳಿದೆ.

"ತಾಯಿಯಿಂದ. ಅದನ್ನೆಂತ ಕೇಳ್ತಿ ಈಗ?"

"ಇವಳಿಗೆ ಬಂದದ್ದು ನನ್ನಿಂದ ಅಲ್ವಾ? ಹಾಗಾದ್ರೆ ಅದರ ಮಾತು ನಾನು ಆಡ್ತೇನೆ. ಈ ಮದುವೆ ಆಗ್ತದೆ."

"ಶೀಲಾ, ಮರ್ಲಾ ನಿನಗೆ, ತಲೆ ಕೆಟ್ಟಿತಾ? ಊರಿನಲ್ಲಿ ತಲೆ ಎತ್ತಲಿಕ್ಕುಂಟಾ?"

"ಆ ಹುಡುಗನ ಅಜ್ಜಿ ಯಾರು, ನಮ್ಮ ಅಜ್ಜಿ ಯಾರು? ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹೆಸರೊಂದು ಬಿಟ್ರೆ ಎಂತ ಉಂಟು ಅಣ್ಣ? ಆ ಹೆಸರನ್ನೂ ನಾವು ಈ ಮುಂಬಯಿಯಲ್ಲಿ ಎಲ್ಲಿಯೂ ಬರೀಲಿಲ್ಲ. ಇವಳು ಅಳುವ ಹಾಗೆ ಮಾಡ್ಲಿಕ್ಕೆ ಮಾತ್ರ ನೆನಪು ಮಾಡುವುದಾ?"

ಅಣ್ಣ ಎದ್ದ. "ನಾನು ಹರಿವಾಣ ಹಿಡಿಯುವುದಿಲ್ಲ. ಹೇಳಿದ್ದೇನೆ."

"ನಿನ್ನ ಅನ್ನ ತಿಂದದ್ದು ಮರೆತಿಲ್ಲ ಅಣ್ಣ" ಎಂದೆ. ಅಳು ಬಂದುಬಿಟ್ಟಿತು. ಅವನ ಕಣ್ಣೂ ಒದ್ದೆಯಾಗಿತ್ತು, ಆದರೂ ಹೋದ. ಚಾ ಮುಟ್ಟಲಿಲ್ಲ. ಮೆಟ್ಟಿಲಿಳಿಯುವ ಸದ್ದು ನಿಲ್ಲುವ ತನಕ ನಾನು ಕೇಳುತ್ತಾ ಕೂತೆ.

"ಅಮ್ಮ, ನಿಂಗೆ ಕಬ್ ಸೇ ಗೊತ್ತು?" ಎಂದಳು ಯಕ್ಷಿತಾ.

"ಸ್ವಲ್ಪ ದಿನ ಆಯ್ತು."

"ಅಕೇಲೀ ಇಷ್ಟು ದಿನ..." ಎಂದಳು. ಬಂದು ನನ್ನ ಕಾಲಿನ ಹತ್ತಿರ ಕೂತು ಅತ್ತಳು. ಮಾಮ ಬರುವುದಿಲ್ಲವಾ ಎಂದು ಚಿಕ್ಕ ಮಗುವಿನ ಹಾಗೆ ಕೇಳಿದಳು. ಗೊತ್ತಿಲ್ಲ ಎಂದೆ.

ಫೆಬ್ರವರಿ 24, ಸೋಮವಾರ

ನಾನೇನೂ ಬದಲಾದವಳಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಈಗಲೂ ಯಾರಾದರೂ ಹೆಸರು ಹೇಳಿದರೆ ಮನಸ್ಸು ಮೊದಲು ಬರಿ ಹುಡುಕುತ್ತದೆ. ನಿನ್ನೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿದೆ.

ಹರಿಣಿಗೆ ಫೋನ್ ಮಾಡಿದೆ. ಹೇಳುವುದು ಹೇಗೆಂದು ತಡವರಿಸುತ್ತಿದ್ದೆ.

"ನನಗೆ ಗೊತ್ತುಂಟು ಶೀಲಕ್ಕ" ಎಂದರು. "ಕಾಲು ಸೆಳೆಯುವಾಗ ಯಾರೂ ತಾಯಿದೋ ತಂದೆದೋ ಅಂತ ಕೇಳುವುದಿಲ್ಲ. ಮನೆಗೆ ಬಂದು ಸುಕೇಶನ ಹತ್ರ ಯಕ್ಷಿತಾಳ ಅಮ್ಮನ ಬರಿ ಕೇಳಿದೆ. ನಾನು ಸುವರ್ಣ ಅಂತಲೇ ತಿಳ್ಕೊಂಡಿದ್ದೆ. ಆಮೇಲೆ ದಿನಾ ನಿಮ್ಮ ಫೋನಿಗೆ ಕಾಯುವುದು. ಬೇಡ ಅಂತ ಹೇಳ್ತೀರಿ ಅಂತ."

"ನೀವೇ ಹೇಳಬಹುದಿತ್ತಲ್ಲ."

"ನಾನು ಹೇಳಿದ್ರೆ ಸತ್ಯ ಆಗಿಬಿಡ್ತದಲ್ಲ ಶೀಲಕ್ಕ. ನೀವು ಹೇಳುವ ತನಕ ಮಕ್ಕಳು ಮನೆ ಕಟ್ಟಿಕೊಂಡು ಇರಲಿ ಅಂತ."

ಅಣ್ಣನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ, ಈ ಮದುವೆ ಆಗ್ತದೆ ಎಂದೆ. ಆಮೇಲೆ ಅವರು, "ನನ್ನವರಿಗೆ ಹೇಳಿದ್ದೇನೆ. ಸಿಟ್ಟಾಗಿದ್ದಾರೆ. ಆದ್ರೆ ಬರ್ತಾರೆ" ಎಂದರು.

ಸಭೆಯಲ್ಲಿ ಬರಿ ಕೇಳಿದಾಗ ಎಂತ ಹೇಳುವುದು ಎಂದು ಅವರೇ ಕೇಳಿದರು. ಇದ್ದದ್ದು ಹೇಳುವುದು ಎಂದೆ.

ಮಾರ್ಚ್ 2, ಭಾನುವಾರ

ಸೊಸೈಟಿಯ ಹಾಲ್ ತುಂಬಿತ್ತು. ಅಣ್ಣ ಬರಲಿಲ್ಲ. ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆ ನೋಯಿತು. ಯಕ್ಷಿತಾ ಹಳದಿ ಸೀರೆಯಲ್ಲಿ ನಗುತ್ತಿದ್ದಳು, ಅವಳೂ ಬಾಗಿಲನ್ನೇ ನೋಡುತ್ತಿದ್ದಳು.

ಗುರಿಕಾರರು, "ಹುಡುಗಿಯ ಕಡೆಯಿಂದ ವೀಳ್ಯ ಹಿಡಿಯುವವರು ಯಾರು? ಮಾವ ಎಲ್ಲಿ?" ಎಂದರು. ನಾನು ಎದ್ದು ಹರಿವಾಣ ತೆಗೆದುಕೊಂಡೆ. ಎಲೆ, ಅಡಿಕೆ, ಹೂವು, ತೆಂಗಿನಕಾಯಿ. ಹೆಂಗಸು ಹಿಡಿಯುವುದಾ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿತು. ಗುರಿಕಾರರು ನನ್ನನ್ನು ಒಮ್ಮೆ ನೋಡಿ, ಹುಡುಗನ ಕಡೆಯವರತ್ತ ತಿರುಗಿ, ಹಾಗಾದರೆ ಅಲ್ಲಿಂದಲೂ ತಾಯಿಯೇ ಬರಲಿ ಎಂದರು. ಹರಿಣಿ ಎದುರಿಗೆ ಬಂದು ನಿಂತರು. ಅವರ ತುಟಿ ಒಣಗಿತ್ತು.

"ಹುಡುಗಿಯ ಬರಿ?"

"ಕೋಟ್ಯಾನ್" ಎಂದೆ. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿ ನನ್ನದು.

"ಹುಡುಗನ ಬರಿ?"

ಹರಿಣಿ ನನ್ನನ್ನೇ ನೋಡಿದರು. "ಕೋಟ್ಯಾನ್."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಕುರ್ಚಿಗಳು ಸರಿದವು, ಇಬ್ಬರು ಮೂವರು ಎದ್ದು ನಿಂತರು. ಗುರಿಕಾರರ ಬಾಯಿ ತೆರೆದದ್ದು ತೆರೆದೇ ಇತ್ತು. ಹರಿಣಿಯ ಕೈ ಅರ್ಧಕ್ಕೆ ಬಂದು ನಿಂತಿತು. ಅದು ಹಿಂದೆ ಹೋದರೆ ನನ್ನ ಮಗಳ ಕಥೆ ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಹರಿವಾಣ ಚಾಚಿದೆ.

"ಹಿಡೀರಿ ಹರಿಣಿಯಕ್ಕ, ಎಷ್ಟು ಹೊತ್ತು ನಿಲ್ಲಿಸ್ತೀರಿ? ತೆಂಗಿನಕಾಯಿ ಭಾರ ಉಂಟು" ಎಂದೆ.

ಅವರು ಹಿಡಿದರು.